ಹೆಡ್ ವರ್ಕ್‌ಗೆ ಮುನ್ನ ಸ್ವಲ್ಪ ಹೋಂವರ್ಕ್

‘ಅಣ್ಣಾ, ಗಾಡಿ ಪಿಕಪ್ ಇಲ್ಲ. ಹೆಡ್ ವರ್ಕ್ ಮಾಡಿಕೊಡಿ.’ ಬಿಇ ಮೆಕ್ಯಾನಿಕಲ್ ಓದುತ್ತಿರುವ ನಾನು ರಜೆ ಬಂದರೆ ನಮ್ಮೂರಿನ ಗ್ಯಾರೇಜೊಂದರಲ್ಲಿ ಸ್ಪ್ಯಾನರ್ ಹಿಡಿದು ಕೂರುತ್ತೇನೆ. ಅಲ್ಲಿ ಈ ಮಾತು ಕೇಳದ ದಿನವಿಲ್ಲ. ಕೇಳುವವರು ಹೆಚ್ಚಾಗಿ ನನ್ನ ವಯಸ್ಸಿನವರೇ.

ಕಳೆದ ರಜೆಯಲ್ಲಿ ಬಂದವನು ಪಾರ್ಸೆಲ್ ತಲುಪಿಸುವ ಹುಡುಗ. 100 ಸಿಸಿಯ ಹಳೆಯ ಗಾಡಿ. ಹಿಂದೆ ಚೀಲ ಕಟ್ಟಿಕೊಂಡು ಏರು ಹತ್ತಿದರೆ ಸೆಕೆಂಡ್ ಗೇರಿಗೆ ಇಳಿಸಲೇಬೇಕು. ಹೆಡ್ಡಿನ ಪೋರ್ಟ್ ಕೊರೆಸಿ ದೊಡ್ಡದು ಮಾಡಿಸಿದರೆ ರೇಸ್ ಬೈಕಿನಂತೆ ಓಡುತ್ತದೆ ಎಂದು ಯಾರೋ ವಿಡಿಯೊ ತೋರಿಸಿದ್ದರಂತೆ. ಗಾಡಿ ವಾರ ನಿಂತರೆ ಅವನಿಗೆ ಮನೆ ಬಾಡಿಗೆಗೆ ತತ್ವಾರ. ಮೈಲೇಜ್ ಬಿದ್ದರೆ ದುಡಿದದ್ದೆಲ್ಲ ಪೆಟ್ರೋಲ್ ಬಂಕಿಗೆ. ಇಂಥವನ ಹೆಡ್ಡಿಗೆ ಗ್ರೈಂಡರ್ ಇಡುವ ಮೊದಲು ಯೋಚಿಸಲೇಬೇಕಲ್ಲ?

ಹೆಡ್ ಎಂದರೆ ಎಂಜಿನ್ನಿನ ಮೂಗು, ಬಾಯಿ ಎರಡೂ. ಗಾಳಿ–ಪೆಟ್ರೋಲ್ ಮಿಶ್ರಣ ಒಳಬರುವುದು, ಹೊಗೆ ಹೊರಹೋಗುವುದು ಇಲ್ಲಿಂದಲೇ. ಪೋರ್ಟ್ ಅಗಲವಾದಷ್ಟೂ ಒಳ್ಳೆಯದು ಎಂಬುದು ಅರ್ಧ ಸತ್ಯ. ಅದೇ ಎಂಜಿನ್ ಅದೇ ವೇಗದಲ್ಲಿ ತಿರುಗುತ್ತಿರುವಾಗ ದಾರಿ ಅಗಲವಾದರೆ ಗಾಳಿಯ ವೇಗ ಇಳಿಯುತ್ತದೆ. ತೋಟದ ಪೈಪಿನ ತುದಿಗೆ ಹೆಬ್ಬೆರಳು ಇಟ್ಟಾಗ ನೀರು ಚಿಮ್ಮುವುದಿಲ್ಲವೇ, ಅದರ ಉಲ್ಟಾ. ಮಿಶ್ರಣ ಸರಿಯಾಗಿ ಬೆರೆಯದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ. ರೇಸಿನವನಿಗೆ ಅದು ನಡೆಯುತ್ತದೆ, ಅವನು ಸದಾ ಮೇಲಿನ ಆರ್‌ಪಿಎಂನಲ್ಲೇ ಇರುತ್ತಾನೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವವನಿಗೆ ನಡೆಯುವುದಿಲ್ಲ. ಇನ್‌ಟೇಕ್ ಪೋರ್ಟನ್ನು ಕನ್ನಡಿಯಂತೆ ಹೊಳೆಸುವುದೂ ನನ್ನ ಪ್ರಕಾರ ಬರೀ ಶೋಕಿ. ಅಲ್ಲಿ ಸ್ವಲ್ಪ ಒರಟಿದ್ದರೆ ಗೋಡೆಗೆ ಅಂಟಿದ ಪೆಟ್ರೋಲ್ ಮತ್ತೆ ಗಾಳಿಗೆ ಸೇರಲು ಅನುಕೂಲ. ಎಕ್ಸಾಸ್ಟ್ ಕಡೆ ಹೊಳೆಸಿದರೆ ಕಾರ್ಬನ್ ಕಡಿಮೆ ಕಟ್ಟುತ್ತದೆ, ಅಷ್ಟು ಲಾಭ.

ಇನ್ನೊಂದು ಜನಪ್ರಿಯ ಮದ್ದು ಲೇತ್ ಅಂಗಡಿಯಲ್ಲಿ ಹೆಡ್ ಕೆರೆಸುವುದು. ಇದರ ಲೆಕ್ಕ ಪಿಯುಸಿ ಗಣಿತಕ್ಕೂ ಸಿಗುವಂಥದ್ದು. ಸ್ಪ್ಲೆಂಡರಿನಂಥ ಎಂಜಿನ್ನಿನ ಬೋರ್ 50 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಅಂದರೆ ಪಿಸ್ಟನ್ ಗುಡಿಸುವ ಜಾಗ 97.2 ಸಿಸಿ. ಕಂಪ್ರೆಶನ್ ಅನುಪಾತ 9:1 ಎಂದಿಟ್ಟುಕೊಂಡರೆ ಮೇಲೆ ಉಳಿಯುವ ಜಾಗ ಸುಮಾರು 12.15 ಸಿಸಿ. ಅರ್ಧ ಮಿ.ಮೀ. ಕೆರೆದರೆ ಅದರಲ್ಲಿ ಹೆಚ್ಚುಕಡಿಮೆ 1 ಸಿಸಿ ಹೋಗುತ್ತದೆ, ಅನುಪಾತ 9.7ಕ್ಕೆ ಏರುತ್ತದೆ. ಅರ್ಧ ಮಿ.ಮೀ.ಗೆ ಇಷ್ಟು! ಪಿಕಪ್ ಬರುತ್ತದೆ ನಿಜ, ಜೊತೆಗೆ ಬಿಸಿಯೂ ನಾಕಿಂಗೂ ಬರಬಹುದು. ಕ್ಯಾಮ್ ಹೆಡ್ಡಿನಲ್ಲೇ ಇರುವ ಎಂಜಿನ್ನಿನಲ್ಲಿ ಹೆಡ್ ಕೆಳಗಿಳಿದಷ್ಟೂ ಟೈಮಿಂಗ್ ಕೊಂಚ ಹಿಂದೆ ಬೀಳುತ್ತದೆ. ವಾಲ್ವ್–ಪಿಸ್ಟನ್ ನಡುವಿನ ಅಂತರವೂ ಕುಗ್ಗುತ್ತದೆ. ಕಾಲೇಜ್ ಕೆಮಿಸ್ಟ್ರಿ ಲ್ಯಾಬಿನ ಬ್ಯೂರೆಟ್‌ನಿಂದ ಎಣ್ಣೆ ಬಿಟ್ಟು ಹೆಡ್ಡಿನ ಕುಳಿಯನ್ನು ಅಳೆಯದೆ ಕೆರೆಸುವುದು ಕಣ್ಣು ಕಟ್ಟಿಕೊಂಡು ಇಂಜೆಕ್ಷನ್ ಕೊಟ್ಟಂತೆ.

ಸರಿ, ಆ ಹುಡುಗನ ಗಾಡಿಗೆ ಏನಾಗಿತ್ತು? ಹೆಡ್ ಇಳಿಸಿ, ತಿರುವಿಟ್ಟು, ಪೋರ್ಟಿಗೆ ಸೀಮೆಎಣ್ಣೆ ಸುರಿದೆವು. ಎಕ್ಸಾಸ್ಟ್ ವಾಲ್ವಿನ ಅಂಚಿನಿಂದ ಸಣ್ಣಗೆ ಜಿನುಗಿತು. ಸೀಟ್ ಸರಿ ಕೂರದೆ ಕಂಪ್ರೆಶನ್ ಸೋರುತ್ತಿತ್ತು, ಅಷ್ಟೇ. ಕಾರ್ಬನ್ ಕೆರೆದು, ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅಂಗೈಗಳ ನಡುವೆ ಕಡ್ಡಿ ಉಜ್ಜಿದಂತೆ ವಾಲ್ವ್ ತಿರುಗಿಸುತ್ತಾ ಕೂತೆ. ವಾಲ್ವಿನ ಸುತ್ತ ಒಂದೇ ಸಮನೆ ಬೂದು ಉಂಗುರ ಮೂಡುವವರೆಗೆ ಗ್ಯಾರೇಜಿನ ಅಣ್ಣ ಬಿಡಲಿಲ್ಲ. ಕಾರ್ಬ್ಯುರೇಟರ್ ಕಡೆಯ ಜೋಡಣೆಯಲ್ಲಿ ಗಾಳಿಗೆ ಅಡ್ಡ ನಿಂತಿದ್ದ ಸಣ್ಣ ಮೆಟ್ಟಿಲನ್ನಷ್ಟೇ ಉಜ್ಜಿ ಸರಿಮಾಡಿದೆವು. ಹೊಸ ಗ್ಯಾಸ್ಕೆಟ್, ವಾಲ್ವ್ ಸೀಲ್, ಟ್ಯಾಪೆಟ್ ಹೊಂದಾಣಿಕೆ. ಸಂಜೆಗೆ ಗಾಡಿ ಹೊರಗೆ. ಮರುದಿನ ಅದೇ ಏರನ್ನು ಥರ್ಡ್ ಗೇರಿನಲ್ಲೇ ಹತ್ತಿಸಿದೆ ಎಂದು ಫೋನ್ ಮಾಡಿದ.

ನಿಜವಾಗಿಯೂ ಪೋರ್ಟಿಂಗ್ ಕಲಿಯುವ ಆಸೆ ಇದ್ದರೆ ಓಡುವ ಗಾಡಿಯ ಮೇಲೆ ಬೇಡ. ತಯಾರಕರು ಕೊಟ್ಟ ಸ್ವರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಕಡಿವಾಣವೂ ಇದೆ. ಗುಜರಿ ಅಂಗಡಿಯಲ್ಲಿ ಹಳೆಯ ಹೆಡ್ ತೂಕಕ್ಕೆ ಸಿಗುತ್ತದೆ. ಹ್ಯಾಕ್ಸಾದಿಂದ ಪೋರ್ಟಿನ ಮಧ್ಯಕ್ಕೆ ಉದ್ದುದ್ದ ಸೀಳಿ ನೋಡಿ. ಗೋಡೆ ಎಲ್ಲಿ ತೆಳು, ಗಾಳಿ ಎಲ್ಲಿ ತಿರುಗುತ್ತದೆ, ವಾಲ್ವ್ ಗೈಡ್ ಎಲ್ಲಿ ಅಡ್ಡ ಬರುತ್ತದೆ, ಎಲ್ಲವೂ ಕಣ್ಣೆದುರೇ ಇರುತ್ತದೆ. ಹಾಗೆ ಸೀಳಿದ ಹೆಡ್ಡೊಂದು ಈಗ ನನ್ನ ಹಾಸ್ಟೆಲ್ ಮೇಜಿನ ಮೇಲೆ ಪೇಪರ್‌ವೇಟ್ ಆಗಿ ಕೂತಿದೆ.