ಮೂತ್ರದಲ್ಲಿ ರಕ್ತ: ನೋವಿಲ್ಲವೆಂದು ಸುಮ್ಮನಿರಬೇಡಿ

ಮೂತ್ರ ಕೆಂಪಾಗಿ ಹೋದರೆ ಅಣಶಿ, ಜೋಯಿಡಾ ಕಡೆಯ ಮನೆಗಳಲ್ಲಿ ‘ಉಷ್ಣವಾಗಿದೆ’ ಎನ್ನುತ್ತಾರೆ. ಕೋಕಂ ಪಾನಕ, ಜೀರಿಗೆ ನೀರು ಕುಡಿಯುತ್ತಾರೆ. ಎರಡು ದಿನಕ್ಕೆ ಬಣ್ಣ ತಿಳಿಯಾದರೆ ಅದು ಮರೆತೇ ಹೋಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ತಾಯಂದಿರಂತೂ ಇದು ಮುಟ್ಟಿನ ರಕ್ತವೇ ಇರಬೇಕೆಂದು ಯಾರಿಗೂ ಹೇಳುವುದಿಲ್ಲ.

ಕಿಡ್ನಿಯಲ್ಲಿ ಕಲ್ಲಿದ್ದರೆ ಸಾಮಾನ್ಯವಾಗಿ ವಿಪರೀತ ನೋವಿರುತ್ತದೆ. ಗಡ್ಡೆಯಿಂದ ಬರುವ ರಕ್ತಕ್ಕೆ ಹೆಚ್ಚಾಗಿ ನೋವಿಲ್ಲ. ಅದು ಒಮ್ಮೆ ಬಂದು ವಾರಗಟ್ಟಲೆ ನಿಲ್ಲಲೂಬಹುದು, ಮೋಸ ಹೋಗುವುದು ಅಲ್ಲೇ. ಯುನಾನಿಯಲ್ಲಿ ಮೂತ್ರದ ರಕ್ತಕ್ಕೆ ಬೌಲುದ್ದಮ್ ಎಂಬ ಹೆಸರಿದೆ, ಔಷಧಗಳೂ ಇವೆ. ಆದರೆ ರಕ್ತ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಅವನ್ನು ಕೊಡುವುದು ಸರಿಯಲ್ಲ. ಗಡ್ಡೆಯನ್ನು ಕರಗಿಸುವ ಸಫೂಫ್, ಮಾಜೂನ್ ಯಾವುದೂ ಇಲ್ಲ. ಯುನಾನಿ ಓದಿದವನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಮೊದಲು ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್, ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಆಗಬೇಕು. ಘಟ್ಟ ಇಳಿದು ಕಾರವಾರಕ್ಕೆ ಹೋಗಿ, ಇಲ್ಲವೇ ದಾಂಡೇಲಿ ದಾಟಿ ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್)‌ಗೆ ಹೋಗಿ. ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ.

ಬೀಡಿ, ಸಿಗರೇಟು, ಅತಿಯಾದ ಬೊಜ್ಜು, ರಕ್ತದೊತ್ತಡ ಈ ಗಡ್ಡೆಯ ಅಪಾಯವನ್ನು ಹೆಚ್ಚಿಸುತ್ತವೆ. ಬಹಳ ವರ್ಷ ಡಯಾಲಿಸಿಸ್ ಮಾಡಿಸಿಕೊಂಡವರಿಗೂ ಅಪಾಯ ಹೆಚ್ಚು.

ಇನ್ನು ವಂಶದ ಮಾತು. ಕಿಡ್ನಿ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು 100ಕ್ಕೆ ಸುಮಾರು 5ರಿಂದ 8 ಮಾತ್ರ. ಅದರಲ್ಲಿ ಹೆಚ್ಚು ಪರಿಚಿತವಾದದ್ದು ವಿ.ಎಚ್.ಎಲ್. ಎಂಬ ಜೀನಿನ ದೋಷ. ಈ ಜೀನು ಪತ್ತೆಯಾದದ್ದು 1993ರಲ್ಲಿ. ತಂದೆ ಅಥವಾ ತಾಯಿ ಒಬ್ಬರಲ್ಲಿ ದೋಷವಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ‘ಚಿಕ್ಕಪ್ಪನ ಮಗಳನ್ನು ಮದುವೆಯಾಗಿದ್ದಕ್ಕೆ ಹೀಗಾಯಿತು’ ಎಂದು ಸೊಸೆಯನ್ನು ದೂರುವವರಿದ್ದಾರೆ. ಸಂಬಂಧದಲ್ಲಿ ಮದುವೆಯಾದರೆ ಹೆಚ್ಚುವ ಕಾಯಿಲೆಗಳು ಬೇರೆ ಇವೆ. ಇದು ಹಾಗಲ್ಲ, ಹೊರಗಿನಿಂದ ಸೊಸೆ ತಂದರೂ ಇದೇ ಲೆಕ್ಕ. ರಿಶ್ತೆ ತಪ್ಪೀತೆಂದು ಕಾಯಿಲೆ ಮುಚ್ಚಿಟ್ಟರೆ ನಷ್ಟ ನಿಮ್ಮ ಮಕ್ಕಳಿಗೇ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಅಥವಾ ಎರಡೂ ಕಿಡ್ನಿಯಲ್ಲಿ ಗಡ್ಡೆಯಾಗಿದ್ದರೆ, ಜೊತೆಗೆ ಕಣ್ಣಿನ ಒಳಪದರದಲ್ಲೋ ಮೆದುಳಿನಲ್ಲೋ ಗಡ್ಡೆ ಕಂಡಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಅಂಥ ಮನೆಯವರನ್ನು ಆಗಾಗ ಸ್ಕ್ಯಾನ್ ಮಾಡುತ್ತಾರೆ. ವಿ.ಎಚ್.ಎಲ್. ಇರುವವರಲ್ಲಿ ಗಡ್ಡೆ ಸುಮಾರು 3 ಸೆಂ.ಮೀ. ಆಗುವವರೆಗೆ ನಿಗಾ ಇಟ್ಟು, ಆಮೇಲೆ ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸಲು ನೋಡುತ್ತಾರೆ.

ತಡವಾದರೆ ಗಡ್ಡೆ ಕಿಡ್ನಿಯ ರಕ್ತನಾಳದೊಳಗೇ ಬೆಳೆದು, ಹೃದಯದ ಕಡೆ ಹೋಗುವ ದೊಡ್ಡ ನಾಳಕ್ಕೂ ಏರುತ್ತದೆ. ಅದರ ಕಣಗಳು ಹೆಚ್ಚಾಗಿ ಶ್ವಾಸಕೋಶಕ್ಕೆ, ಮೂಳೆ, ಯಕೃತ್ತು, ಮೆದುಳಿಗೂ ಹರಡುತ್ತವೆ. ಹರಡುವ ಮೊದಲು ಸಿಕ್ಕರೆ ಎಷ್ಟೋ ಜನಕ್ಕೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ. ಒಂದು ಕಿಡ್ನಿ ಪೂರ್ತಿ ತೆಗೆದರೂ, ಇನ್ನೊಂದು ಚೆನ್ನಾಗಿದ್ದರೆ ಬದುಕು ಎಂದಿನಂತೆ ನಡೆಯುತ್ತದೆ.

ಮಕ್ಕಳಿಗೆ ಬರುವುದು ವಿಲ್ಮ್ಸ್ ಎಂಬ ಬೇರೆ ಬಗೆಯ ಗಡ್ಡೆ, ಹೆಚ್ಚಾಗಿ ಐದು ವರ್ಷದೊಳಗೆ. ಸ್ನಾನ ಮಾಡಿಸುವಾಗ ತಾಯಿಯ ಕೈಗೇ ಮೊದಲು ಅದು ಸಿಗುವುದುಂಟು. ಮಗುವಿನ ಹೊಟ್ಟೆಯ ಒಂದು ಬದಿ ಗಟ್ಟಿಯಾಗಿ ಉಬ್ಬಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅಕ್ಕಪಕ್ಕದವರೆಲ್ಲ ಒತ್ತಿ ನೋಡಲು ಬಿಡಬೇಡಿ, ಗಡ್ಡೆ ಒಳಗೇ ಒಡೆದೀತು. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಗಡ್ಡೆ ಬಹುಪಾಲು ಮಕ್ಕಳಲ್ಲಿ ಪೂರ್ತಿ ಗುಣವಾಗುತ್ತದೆ.