‘ಕಾದಂಬರಿ’ಯಲ್ಲಿ ಸಖ್ಯದ ಸ್ಥಾನ

ಬೆಳಗಾವಿಯ ಖಾಸಬಾಗದಲ್ಲಿ ನಾನಿರುವ ಓಣಿಯಲ್ಲಿ ಕನ್ನಡ ಮಾತಿನ ಮನೆಗಳೂ ಮರಾಠಿ ಮಾತಿನ ಮನೆಗಳೂ ಗೋಡೆಗೆ ಗೋಡೆ ಹತ್ತಿಕೊಂಡಿವೆ. ಉಭಯರೂ ಒಂದೇ ಹೆಸರಿನಿಂದ ಕರೆಯುವ ವಸ್ತುಗಳಲ್ಲಿ ಕಾದಂಬರಿಯೂ ಒಂದು. ವಂಗೀಯರು ಉಪನ್ಯಾಸವೆಂದೂ ಗುರ್ಜರರು ನವಲಕಥೆಯೆಂದೂ ಆಂಧ್ರರು ನವಲವೆಂದೂ ಕರೆಯುವ ಗದ್ಯಪ್ರಬಂಧಕ್ಕೆ ಮಹಾರಾಷ್ಟ್ರರೂ ಕರ್ಣಾಟಕರೂ ಬಾಣಭಟ್ಟನ ನಾಯಿಕೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಮರಾಠಿಯ ಮೊದಲ ಕಾದಂಬರಿಯೆಂದು ಎಣಿಸಲ್ಪಡುವ ‘ಯಮುನಾಪರ್ಯಟನ’ದ (೧೮೫೭) ಕರ್ತೃಗಳಾದ ಬಾಬಾ ಪದ್ಮನಜಿಯವರು ೧೮೩೧ರಲ್ಲಿ ಈ ಬೆಳಗಾವಿಯಲ್ಲಿಯೇ ಜನಿಸಿದರೆಂಬುದನ್ನು ಪ್ರಸಂಗವಶಾತ್ ಇಲ್ಲಿ ಸ್ಮರಿಸಬಹುದು. ಒಂದು ಗ್ರಂಥದ ಹೆಸರು ಒಂದು ಸಾಹಿತ್ಯಜಾತಿಗೇ ಹೆಸರಾಗಬೇಕಾದರೆ ಜನರು ಆ ಗ್ರಂಥವನ್ನು ಬಹುವಾಗಿ ಪ್ರೀತಿಸಿರಬೇಕು. ಏತಕ್ಕಾಗಿ ಪ್ರೀತಿಸಿದರು? ಶೃಂಗಾರಕ್ಕಾಗಿ, ಎಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದರು. ನಾನೂ ಬಹು ವರ್ಷ ಹಾಗೆಯೇ ಕಲಿಸಿದೆನು.

ಈಚೆಗೆ ಸಾಯಂಕಾಲದಲ್ಲಿ ನಾಲ್ವರು ವಿದ್ಯಾರ್ಥಿಗಳಿಗೆ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನು ಓದಿ ಅರ್ಥ ಹೇಳುತ್ತಿದ್ದೆನು. ನೆರೆಮನೆಯ ನೇಕಾರರೊಬ್ಬರು ಮಗ್ಗ ನಿಲ್ಲಿಸಿದ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತು ಕೇಳುವರು. ಚಂದ್ರಾಪೀಡನು ಮಡಿಯುವ ಭಾಗ ಮುಗಿದೊಡನೆ ಅವರು, “ಅಲ್ರೀ ಶಾಸ್ತ್ರಿಗಳ, ಆ ರಾಜಕುಮಾರ ಹುಡುಗಿ ಸಲುವಾಗಿ ಸತ್ತನೋ, ಗೆಳ್ಯಾನ ಸಲುವಾಗಿ ಸತ್ತನೋ?” ಎಂದರು. ಮೂವತ್ತು ವರ್ಷ ಈ ಗ್ರಂಥವನ್ನು ಬೋಧಿಸಿದ ನನಗೆ ತತ್‌ಕ್ಷಣವೇ ಉತ್ತರ ತೋಚಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ಋಣಿಯಾಗಿದೆ.

ಪ್ರಶ್ನೆಯ ಹುರುಳನ್ನು ಕಾಣಲು ಕಥಾಸಂದರ್ಭವನ್ನು ನೆನೆಯಬೇಕು. ತಂದೆಯ ಆಜ್ಞೆ ಬಂದುದರಿಂದ ಚಂದ್ರಾಪೀಡನು ಕಾದಂಬರಿಯನ್ನು ಬಿಟ್ಟು ಉಜ್ಜಯಿನಿಗೆ ಧಾವಿಸುತ್ತಾನೆ. ಸೈನ್ಯವನ್ನು ಕರೆತರುವ ಭಾರವನ್ನು ಬಾಲ್ಯಸಖನಾದ ಮಂತ್ರಿಪುತ್ರ ವೈಶಂಪಾಯನನಿಗೆ ಒಪ್ಪಿಸುತ್ತಾನೆ. ಸೈನ್ಯವು ಬರುತ್ತದೆ, ಸಖನು ಬರುವುದಿಲ್ಲ. ಅಚ್ಛೋದ ಸರೋವರದ ತೀರದಲ್ಲಿ ಏನನ್ನೋ ಕಳೆದುಕೊಂಡವನಂತೆ ಹುಡುಕುತ್ತ ಅವನು ನಿಂತುಬಿಟ್ಟನೆಂಬ ವಾರ್ತೆ ಬರುತ್ತದೆ. ಅವನನ್ನು ಕರೆತರಲು ಹೊರಟ ಚಂದ್ರಾಪೀಡನ ಮನಸ್ಸಿನಲ್ಲಿ ಕಾದಂಬರಿಯನ್ನು ಕಾಣುವ ಆಸೆಯೂ ಇರುತ್ತದೆ. ತನ್ನನ್ನು ಪೀಡಿಸಿದ ತರುಣನೊಬ್ಬನನ್ನು ಗಿಳಿಯಾಗೆಂದು ಶಪಿಸಿದೆನು, ಅವನು ಬಿದ್ದು ಪ್ರಾಣ ಬಿಟ್ಟನು, ಅವನು ನಿನ್ನ ಮಿತ್ರನೆಂಬುದು ಅನಂತರ ತಿಳಿಯಿತು ಎಂದು ಮಹಾಶ್ವೇತೆಯು ಅಳುತ್ತ ಹೇಳಿದಾಗ ಚಂದ್ರಾಪೀಡನ ಹೃದಯವು ಒಡೆಯುತ್ತದೆ. ಪ್ರಾಣವು ಹೋಗುವುದು ಸಖನ ವಾರ್ತೆಯಿಂದ. ಕಡೆಯ ಮಾತು ಕಾದಂಬರಿಯನ್ನು ಕುರಿತದ್ದು. ನೇಕಾರರು ಕೇಳಿದ ಎರಡು ಎಳೆಗಳನ್ನು ಕವಿಯು ಬಿಡಿಸಲಾಗದಂತೆ ಹೆಣೆದಿದ್ದಾನೆ.

ನಮ್ಮ ಆಲಂಕಾರಿಕರು ಈ ಎರಡನೆಯ ಎಳೆಗೆ ಸರಿಯಾದ ಮಣೆ ಹಾಕಲಿಲ್ಲ. ರುದ್ರಟನು ಸ್ನೇಹವನ್ನು ಮೂಲವಾಗಿಟ್ಟು ಪ್ರೇಯೋರಸವನ್ನು ಹೇಳಿದನು. ಅಭಿನವಗುಪ್ತಪಾದರು ಸ್ನೇಹವು ಪ್ರತ್ಯೇಕ ರಸವಲ್ಲವೆಂದು ನಿರಾಕರಿಸಿ, ಅದನ್ನು ರತ್ಯಾದಿಗಳಲ್ಲಿ ಅಡಗಿಸಿದರು. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಕರುಣವಿಪ್ರಲಂಭಕ್ಕೆ ಪುಂಡರೀಕ-ಮಹಾಶ್ವೇತೆಯರ ವೃತ್ತಾಂತವನ್ನೇ ಉದಾಹರಣವಾಗಿ ಕೊಟ್ಟನು. ಲಕ್ಷಣವೇನೋ ಸರಿ. ಆದರೆ ಆ ವೃತ್ತಾಂತದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನಿಗೆ ಲಕ್ಷಣದಲ್ಲಿ ಸ್ಥಳವಿಲ್ಲ.

ಅವನು ಕಪಿಂಜಲ. ಮುನಿಕುಮಾರನಾದ ಪುಂಡರೀಕನು ಮಹಾಶ್ವೇತೆಯನ್ನು ಕಂಡು ಧೈರ್ಯಗೆಟ್ಟಾಗ ಕಪಿಂಜಲನು ಮೊದಲು ಕಠಿನವಾಗಿ ಗದರಿಸುತ್ತಾನೆ. ಉಪದೇಶವು ನಾಟದೆಂದು ತಿಳಿದ ಮೇಲೆ ಅವನು ಮಾಡುವುದನ್ನು ನೋಡಬೇಕು: ತಾವರೆಯ ದಂಟುಗಳನ್ನು ತಂದು ಶಯ್ಯೆಯನ್ನು ರಚಿಸುತ್ತಾನೆ, ಬಾಳೆಯ ಎಲೆಯಿಂದ ಗಾಳಿ ಹಾಕುತ್ತಾನೆ, ತಾನು ನಿಂದಿಸಿದ ಕಾರ್ಯಕ್ಕೇ ತಾನು ದೂತನಾಗಿ, ಲಜ್ಜೆಯನ್ನು ನುಂಗಿ, ಮಹಾಶ್ವೇತೆಯ ಮನೆಗೆ ಹೋಗಿ ಮಿತ್ರನ ಪ್ರಾಣವನ್ನು ಬೇಡುತ್ತಾನೆ. ಅಷ್ಟರಲ್ಲಿ ಅವಳ ತಾಯಿ ಬರುವಳೆಂದು ಕೇಳಿ ಉತ್ತರಕ್ಕೂ ಕಾಯದೆ ಎದ್ದು ಹೋಗುತ್ತಾನೆ. ರಾತ್ರಿ ಮಹಾಶ್ವೇತೆಯು ಬರುವಾಗ ದೂರದಿಂದಲೇ ಕೇಳಿಸುವುದು ಅವನ ರೋದನ. ಪುಂಡರೀಕನ ಮರಣವನ್ನು ಅವಳೂ ನಾವೂ ಅರಿಯುವುದು ಮಿತ್ರನ ಕಂಠದಿಂದಲೇ ಹೊರತು ಬೇರೆ ರೀತಿಯಿಂದಲ್ಲ. ಯೌವನದ ಪ್ರಣಯವು ಒಳಗಿದ್ದವರಿಗೆ ಸಹಜವಾಗಿಯೂ ಹೊರಗಿದ್ದವರಿಗೆ ಹುಚ್ಚಾಗಿಯೂ ತೋರುವಂಥದು. ಕಪಿಂಜಲನು ಹೊರಗೆ ನಿಂತು ಹುಚ್ಚೆಂದು ಬಲ್ಲನು, ಆದರೂ ಬಿಟ್ಟು ಹೋಗನು. ವಾಚಕನು ನಿಲ್ಲುವ ಸ್ಥಳವೂ ಅದೇ.

ಸ್ತ್ರೀಯರಲ್ಲಿಯೂ ಇದೇ ಬಗೆ. ಮಹಾಶ್ವೇತೆಯು ದುಃಖದಲ್ಲಿರುವವರೆಗೆ ತಾನು ವಿವಾಹವಾಗೆನೆಂದು ಕಾದಂಬರಿಯು ಸಂಕಲ್ಪ ಮಾಡಿರುತ್ತಾಳೆ. ಆ ಹಟವನ್ನು ಬಿಡಿಸುವುದಕ್ಕಾಗಿಯೇ ಮಹಾಶ್ವೇತೆಯು ಹೇಮಕೂಟಕ್ಕೆ ಹೊರಟು ಚಂದ್ರಾಪೀಡನನ್ನೂ ಕರೆದೊಯ್ಯುತ್ತಾಳೆ. ನಾಯಕನಾಯಿಕೆಯರ ಪ್ರಥಮದರ್ಶನವೇ ಹೀಗೆ ಒಬ್ಬ ಸಖಿಯ ಇನ್ನೊಬ್ಬ ಸಖಿಯ ಮೇಲಿನ ಕರುಣೆಯ ಫಲ.

ಇಲ್ಲಿ ಒಂದು ಆಕ್ಷೇಪವು ನ್ಯಾಯವಾದುದು. ವೈಶಂಪಾಯನನ ಚಿತ್ರವು ತೆಳುವಾಗಿದೆ. ಆರರಿಂದ ಹದಿನಾರನೆಯ ವಯಸ್ಸಿನವರೆಗೆ ರಾಜಪುತ್ರನೊಡನೆ ವಿದ್ಯಾಮಂದಿರದಲ್ಲಿದ್ದನೆಂಬುದನ್ನು ಬಿಟ್ಟರೆ ಅವನ ಮಾತುಗಳನ್ನು ನಾವು ಹೆಚ್ಚಾಗಿ ಕೇಳುವುದಿಲ್ಲ. ಅಂಥವನಿಗಾಗಿ ನಾಯಕನ ಎದೆಯೊಡೆಯಿತೆಂದರೆ ನಂಬುವುದು ಹೇಗೆ? ಅಲ್ಲದೆ ಆ ಭಾಗವು ಬಾಣನದಲ್ಲ. ತಂದೆಯ ಮರಣಾನಂತರ ಮಗನು ಪೂರ್ತಿಗೊಳಿಸಿದ ಉತ್ತರಭಾಗದ್ದು. ನನ್ನ ಮಟ್ಟಿಗೆ ಸಮಾಧಾನವಿಷ್ಟು: ಕಪಿಂಜಲನನ್ನು ಕಂಡ ವಾಚಕನಿಗೆ ಸಖ್ಯವೆಂದರೇನೆಂಬುದು ಆಗಲೇ ತಿಳಿದಿರುತ್ತದೆ, ಆ ತಿಳಿವನ್ನೇ ಅವನು ವೈಶಂಪಾಯನನ ಮೇಲೂ ಹರಿಸುತ್ತಾನೆ. ವೈಶಂಪಾಯನನೇ ಪೂರ್ವಜನ್ಮದ ಪುಂಡರೀಕನೆಂದು ಕಡೆಗೆ ತಿಳಿದಾಗ ಹಾಗೆ ಮಾಡಿದುದು ತಪ್ಪಲ್ಲವೆಂದೂ ಆಗುತ್ತದೆ. ಹತ್ತನೆಯ ಶತಮಾನದ ಉತ್ತರಾರ್ಧದ ನಮ್ಮ ನಾಗವರ್ಮನಾದರೋ ತಂದೆ ಮಕ್ಕಳ ಎರಡು ಭಾಗಗಳನ್ನೂ ಒಂದೇ ಚಂಪುವಾಗಿ ಹೇಳಿ, ದೀರ್ಘವರ್ಣನೆಗಳನ್ನು ಸಂಕ್ಷೇಪಿಸಿದನು. ವರ್ಣನೆಯು ಕುಗ್ಗಿದಷ್ಟೂ ವ್ಯಕ್ತಿಗಳು ಹತ್ತಿರ ಬರುತ್ತಾರೆ. ಸಂಸ್ಕೃತದಲ್ಲಿ ನೂರಾರು ಪುಟಗಳ ಅಂತರದಲ್ಲಿ ಮರೆಯಬಹುದಾದ ಕಪಿಂಜಲನು ಕನ್ನಡದಲ್ಲಿ ಮರೆಯಲಾರನು. ಇದನ್ನು ಕೇವಲ ಸಂಗ್ರಹವೆಂದು ಹಗುರಾಗಿ ಕಾಣುವ ಪಂಡಿತರೊಡನೆ ನಾನು ಒಪ್ಪಲಾರೆ.

ಪಾಠಕ್ರಮದ ವಿಷಯವಾಗಿ ಅಧ್ಯಾಪಕಮಿತ್ರರಲ್ಲಿ ಒಂದು ವಿಜ್ಞಾಪನೆಯುಂಟು. ಶುಕನಾಸೋಪದೇಶವನ್ನು ಪ್ರತ್ಯೇಕವಾಗಿ ಓದಿಸುವ ರೂಢಿಯು ಬಲವಾಗಿದೆ. ಅಚ್ಛೋದದ ವರ್ಣನೆಯೂ ಸಮಾಸ ಬಿಡಿಸಲು ಒದಗುತ್ತದೆ. ಅವು ಇರಲಿ. ಹದಿನೆಂಟು ವರ್ಷದ ವಿದ್ಯಾರ್ಥಿಗೆ ರಾಜ್ಯಲಕ್ಷ್ಮಿಯ ಚಾಂಚಲ್ಯಕ್ಕಿಂತ ಗೆಳೆಯನ ಸಂಕಟವು ಹೆಚ್ಚು ಪರಿಚಿತವಾದುದು. ಕಪಿಂಜಲನ ತರ್ಜನೆಯನ್ನೂ ಅನಂತರದ ಅವನ ಶುಶ್ರೂಷೆಯನ್ನೂ ಒಟ್ಟಿಗೆ ಓದಿಸಿ ನೋಡಬೇಕು. ತರ್ಜನೆಯೊಂದನ್ನೇ ಆಯ್ದರೆ ಅದು ನೀತಿಪಾಠವಾಗಿ ಕೆಡುತ್ತದೆ.

ನೇಕಾರರು ಮರುದಿನವೂ ಬಂದರು. ರಾಜಕುಮಾರನ ಕುದುರೆಯಾದ ಇಂದ್ರಾಯುಧವು ಸರೋವರಕ್ಕೆ ಹಾರಿ, ನೀರಿನಿಂದ ಕಪಿಂಜಲನಾಗಿ ಎದ್ದು ಬರುವ ಭಾಗವು ಅಂದಿನ ಪಾಠವಾಗಿತ್ತು. ಮಿತ್ರನ ದೇಹವನ್ನು ಒಯ್ದವನನ್ನು ಬೆನ್ನಟ್ಟಿ ಆಕಾಶದಲ್ಲಿ ಕುರುಡಾಗಿ ಓಡುವಾಗ ಒಬ್ಬ ವೈಮಾನಿಕನನ್ನು ದಾಟಿದ ತಪ್ಪಿಗೆ ಅವನು ಕುದುರೆಯಾಗಬೇಕಾಯಿತೆಂದು ಅರ್ಥ ಹೇಳಿದೆನು. “ಅಂದ್ರ ಇಷ್ಟು ದಿನ ಅವನ ಇವರನ್ನ ಹೊತ್ಕೊಂಡು ತಿರಗ್ಯಾನ್ರೀ?” ಎಂದು ಕೇಳಿದರು. ಹೌದೆಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಭಾಗವನ್ನು ಇನ್ನೊಮ್ಮೆ ಓದಬೇಕೆಂದರು, ಓದಿದೆನು.