ಬೇಸಗೆಯ ರಜೆಯೂ ಬೆಸುಗೆಯ ವಿದ್ಯೆಯೂ

ಪುಣೆಯ ಶಿವಾಜಿನಗರಕ್ಕೆ ಪೂರ್ವದಲ್ಲಿ ಭಾಂಬುರ್ಡೆ ಎಂಬ ಹೆಸರಿದ್ದಿತು. ಈ ಭಾಗದ ಎರಡು ಸಂಸ್ಥೆಗಳು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟವು. ಒಂದು, 1854ರಲ್ಲಿ ಲೋಕೋಪಯೋಗಿ ಇಲಾಖೆಯ ಕೆಳ ಅಧಿಕಾರಿಗಳ ಶಿಕ್ಷಣಕ್ಕಾಗಿ ಹುಟ್ಟಿಕೊಂಡ ಇಂಜಿನಿಯರಿಂಗ್ ಶಾಲೆ, ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ ಆ ವಿದ್ಯಾಲಯವು 2022ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಇನ್ನೊಂದು, ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಯನ್ನು ನಡೆಸುವ ಶಿಕ್ಷಣ ಮಂಡಳಿ. ಮೊದಲನೆಯದರಲ್ಲಿ ಕೈಕೆಲಸವು ವಿದ್ಯೆಯ ಅಂಗ. ಎರಡನೆಯದರ ಪಠ್ಯಕ್ರಮದಲ್ಲಿ ಅದು ಬಹುಮಟ್ಟಿಗೆ ಅಂಚಿನ ವಿಷಯ. ಹೈಸ್ಕೂಲಿನ ವಿದ್ಯಾರ್ಥಿಗೆ ಬೇಸಗೆಯ ರಜೆಯಲ್ಲಿ ಬೆಸುಗೆಯಂಥ ಕಸುಬನ್ನು ಕಲಿಸಿ, ಕಲಿಯುವಾಗಲೇ ವೇತನವನ್ನೂ ಕೊಡಬಹುದೆ ಎಂಬ ಪ್ರಶ್ನೆಯು ಈ ಎರಡರ ನಡುವೆ ಏಳುತ್ತದೆ. ಅಮೆರಿಕದ ಕೆಲವೆಡೆ ಇಂಥ ಏರ್ಪಾಡುಗಳಿವೆ.

ವೇತನವೇಕೆ ಎಂದು ಕೇಳುವವರುಂಟು. ವಿಜಯಪುರ, ಕಲಬುರಗಿ ಜಿಲ್ಲೆಗಳಿಂದ ಪುಣೆಗೆ ಬಂದು ಕಟ್ಟಡದ ಕೆಲಸದಲ್ಲಿ ತೊಡಗಿರುವ ಕುಟುಂಬಗಳನ್ನು ಕಂಡವರಿಗೆ ಉತ್ತರ ಹೊಳೆಯದಿರದು. ಅಂಥ ಮನೆಯ ಹುಡುಗನಿಗೆ ರಜೆಯೆಂಬುದು ವಿರಾಮವಲ್ಲ. ನಾಲ್ಕು ಕಾಸು ಸಂಪಾದಿಸುವ ಕಾಲ. ಶುಲ್ಕವಿಲ್ಲದ ಶಿಕ್ಷಣವೂ ಅವನಿಗೆ ತುಟ್ಟಿಯೇ, ಏಕೆಂದರೆ ಅಲ್ಲಿ ಕಳೆದ ದಿನದ ಕೂಲಿ ಮನೆಗೆ ಬರುವುದಿಲ್ಲ. ಆದಕಾರಣ ಶಿಷ್ಯವೇತನವು ದಾನವಲ್ಲ, ಬಿಟ್ಟುಕೊಟ್ಟ ಗಳಿಕೆಯ ಭರ್ತಿ.

ನಮ್ಮ ಕಾನೂನಿಗೆ ಈ ತತ್ತ್ವ ಅಪರಿಚಿತವಲ್ಲ. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯಲ್ಲಿ ಕಸುಬು ಕಲಿಯುವವನಿಗೆ ಶಿಷ್ಯವೇತನವನ್ನು ವಿಧಿಸಿತು. 2019ರ ತಿದ್ದುಪಡಿಯು ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವರಿಗೆ ತಿಂಗಳಿಗೆ ಕನಿಷ್ಠ 5000 ರೂಪಾಯಿ, ಹತ್ತನೆಯದನ್ನು ಮುಗಿಸಿದವರಿಗೆ 6000 ರೂಪಾಯಿ ಎಂದು ಗೊತ್ತುಮಾಡಿತು. ಆದರೆ ಇದು ಶಾಲೆಯನ್ನು ಬಿಟ್ಟವರಿಗಾಗಿ ಹೊಲಿದ ಅಂಗಿ. ಶಾಲೆಯಲ್ಲಿಯೇ ಉಳಿದು ರಜೆಯಲ್ಲಿ ಕಲಿಯಬಯಸುವವನ ಮೈಗೆ ಅದು ಒಪ್ಪದು. ಅಲ್ಲದೆ, 2014ರ ತಿದ್ದುಪಡಿಯ ಪ್ರಕಾರ ಅಪಾಯಕರ ಉದ್ಯಮಗಳ ಕಸುಬಿಗೆ ಸೇರಲು 18 ವರ್ಷ ತುಂಬಿರಬೇಕು.

ಈ ನಿರ್ಬಂಧವು ಅಕಾರಣವಾದುದಲ್ಲ. ವಿದ್ಯುತ್ ಬೆಸುಗೆಯಲ್ಲಿ ಕಡ್ಡಿಯ ತುದಿಗೂ ಲೋಹಕ್ಕೂ ನಡುವೆ ಹಾರುವ ಜ್ವಾಲೆಯು ಸಾವಿರಾರು ಡಿಗ್ರಿಯ ಶಾಖದಿಂದ ಉಕ್ಕನ್ನು ನೀರಾಗಿಸುತ್ತದೆ. ಅದರ ಅತಿನೇರಳೆ ಕಿರಣಗಳು ಕಣ್ಣಿಗೆ ತಗುಲಿದರೆ ಆ ಕ್ಷಣಕ್ಕೆ ಏನೂ ತಿಳಿಯದು. ಕೆಲವು ಗಂಟೆಗಳ ಮೇಲೆ, ಬಹುಶಃ ನಡುರಾತ್ರಿಯಲ್ಲಿ, ಕಣ್ಣಲ್ಲಿ ಮರಳು ಸುರಿದಂತಾಗಿ ಉರಿಯೇಳುತ್ತದೆ. ಸತುವಿನ ಲೇಪವಿರುವ ತಗಡನ್ನು ಬೆಸೆಯುವಾಗ ಏಳುವ ಹೊಗೆಯನ್ನು ಸೇವಿಸಿದವನಿಗೆ ಜ್ವರ ಬರುವುದುಂಟು. ಬೀದಿಬದಿಯ ಅಂಗಡಿಗಳಲ್ಲಿ ಮುಖಕವಚವಿಲ್ಲದೆ, ಕಣ್ಣನ್ನು ಓರೆಮಾಡಿಕೊಂಡು ಬೆಸೆಯುವ ಎಳೆಯರು ಇದನ್ನು ಅನುಭವದಿಂದಲೇ ಕಲಿಯುತ್ತಾರೆ. ಅದಕ್ಕಿಂತ ಕೆಟ್ಟ ಗುರು ಇನ್ನಿಲ್ಲ. ಅಳತೆ, ನಕ್ಷೆಯನ್ನೋದುವುದು, ಕೊಯ್ಯುವುದು, ಅರದಿಂದ ಉಜ್ಜುವುದು, ಬೆಸುಗೆಯ ಮೇಲಿನ ಕಿಟ್ಟವನ್ನು ಕೆತ್ತಿ ದೋಷವನ್ನು ಪರೀಕ್ಷಿಸುವುದು, ಇವೆಲ್ಲ ಕಸುಬಿನ ಅರ್ಧಭಾಗ. ಜ್ವಾಲೆಗೆ ಕೈಹಾಕುವ ಮುನ್ನ ಇವನ್ನು ಕಲಿಸಲು ಕಾರ್ಖಾನೆಗೆ ಪುರಸೊತ್ತಿಲ್ಲ, ಶಾಲೆಗೆ ಉಂಟು.

ಶಾಲೆಯಲ್ಲಿ ಇದು ಸಾಧ್ಯವೆ ಎಂಬ ಸಂದೇಹಕ್ಕೆ ಪುಣೆ ಜಿಲ್ಲೆಯಲ್ಲಿಯೇ ಸಮಾಧಾನವಿದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿಯೂ ಅನಂತರ ಹಿಂದುಸ್ಥಾನ್ ಲೀವರ್ ಕಂಪನಿಯ ಸಂಶೋಧನ ವಿಭಾಗದಲ್ಲಿಯೂ ದುಡಿದ ಡಾ. ಶ್ರೀನಾಥ ಕಲಬಾಗ್ ಅವರು 1983ರಲ್ಲಿ ಶಿರೂರು ತಾಲೂಕಿನ ಪಾಬಳ ಎಂಬ ಮಳೆ ಕಡಿಮೆಯ ಹಳ್ಳಿಯಲ್ಲಿ ವಿಜ್ಞಾನ ಆಶ್ರಮವನ್ನು ತೆರೆದರು. ಅದಕ್ಕೆ ಆಶ್ರಯವಿತ್ತ ಭಾರತೀಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಜೆ. ಪಿ. ನಾಯಕ್. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಬಳ್ಳಾರಿಯ ಸೆರೆಮನೆಯನ್ನು ಕಂಡು, ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದ ಇವರೇ ಮುಂದೆ ಕೊಠಾರಿ ಆಯೋಗದ (1964-66) ಸದಸ್ಯ-ಕಾರ್ಯದರ್ಶಿಗಳಾದರು. ಕೆಲಸದ ಅನುಭವವು ಶಾಲಾ ಶಿಕ್ಷಣದ ಅಂಗವಾಗಬೇಕೆಂದು ಆ ಆಯೋಗವು ಹೇಳಿದ್ದು ಆಕಸ್ಮಿಕವಲ್ಲ.

ಪಾಬಳದ ಕ್ರಮದಲ್ಲಿ ಎಂಟರಿಂದ ಹತ್ತನೆಯ ತರಗತಿಯ ಹುಡುಗ ಹುಡುಗಿಯರು ವಾರಕ್ಕೊಂದು ದಿನ ಬೆಸುಗೆ, ವಿದ್ಯುತ್ತು, ಕೃಷಿ, ಗೃಹ-ಆರೋಗ್ಯಗಳನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಶಿವಾಜಿನಗರದ ಮಂಡಳಿಯು 1980ರ ದಶಕದಲ್ಲಿಯೇ ಇದಕ್ಕೆ ಪರೀಕ್ಷೆಯ ವಿಷಯವೆಂಬ ಮಾನ್ಯತೆ ಕೊಟ್ಟಿತು. ವಿದ್ಯಾರ್ಥಿಗಳು ಊರವರಿಗೆ ಮಾಡಿಕೊಡುವ ಕೆಲಸಕ್ಕೆ ಊರವರು ಬೆಲೆ ತೆರುತ್ತಾರೆಂಬುದು ಇದರ ತಿರುಳು. ಬೆಲೆಯಿರುವಲ್ಲಿ ತಪ್ಪಿಗೆ ಎಡೆ ಕಡಿಮೆ. ಕೊಂಡವನು ಬಾಗದ ಕಿಟಕಿಯ ಸರಳನ್ನು ಕೇಳುತ್ತಾನೆಯೇ ಹೊರತು ಅಂಕಪಟ್ಟಿಯನ್ನಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮಕ್ಕಳ ಕೈಕೆಲಸದ ಉತ್ಪನ್ನವು ಶಾಲೆಯ ವೆಚ್ಚವನ್ನು ಹೊರಬೇಕೆಂದಾಗ, ಮಗುವೇ ದುಡಿಮೆಯ ಯಂತ್ರವಾದೀತೆಂದು ಹಲವರು ಅಂಜಿದ್ದರು. ವಾರಕ್ಕೊಂದೇ ದಿನ ಎಂಬ ಮಿತಿಯು ಆ ಅಂಜಿಕೆಗೆ ತಕ್ಕ ಕಡಿವಾಣ. ರಜೆಯ ತರಬೇತಿಗೂ ಇಂಥ ಮಿತಿ ಬೇಕು: ವೇತನವು ಹಾಜರಿಗೆ ಸಲ್ಲಲಿ, ಬೆಸೆದ ಸರಳುಗಳ ಎಣಿಕೆಗಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಹನ್ನೆರಡನೆಯ ತರಗತಿಯವರಿಗೆ ರಜಾಕಾಲದಲ್ಲಿಯೂ ವೃತ್ತಿ ಕಲಿಯುವ ಅವಕಾಶವನ್ನು ಸೂಚಿಸಿದೆ. ಆ ವಾಕ್ಯದಲ್ಲಿ ಶಿಷ್ಯವೇತನದ ಮಾತಿಲ್ಲ. ಹಣವನ್ನು ಮುಟ್ಟಿಸುವ ದಾರಿಯೇನೋ ಸಿದ್ಧವಾಗಿದೆ. ಹತ್ತು ವರ್ಷ ಮೀರಿದ ಮಕ್ಕಳು ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆಯನ್ನು ತೆರೆದು ನಡೆಸಲು ರಿಸರ್ವ್ ಬ್ಯಾಂಕು 2014ರಲ್ಲಿ ಅನುಮತಿಯಿತ್ತಿದೆ. ಆ ಖಾತೆಗೆ ಜಮಾ ಮಾಡಬೇಕಾದವರು ಸರಕಾರವೋ, ಕಾರ್ಖಾನೆಯೋ, ಕೆಲಸ ಮಾಡಿಸಿಕೊಂಡ ಊರವರೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಬೇಕಾಗಿದೆ.